ಕರೆಂಟು ಸೈಕಲಿನ ಸೇವಂತಿಯಕ್ಕ

ಇಚಿಲಂಪಾಡಿಯ ಸೇವಂತಿಗೆ ಒಂದು ಹೆಮ್ಮೆ ಇತ್ತು. ಕೇಳಿದವರಿಗೂ ಹೇಳುತ್ತಿದ್ದಳು, ಕೇಳದವರಿಗೆ ಎರಡು ಸಲ ಹೇಳುತ್ತಿದ್ದಳು. "ಹದಿನಾರು ವರ್ಷ ಆಶಾ ಕೆಲಸ ಮಾಡಿದ್ದೇನೆ ಮಾರಾಯ್ರೆ, ಒಬ್ಬರನ್ನೂ ದಾರಿಯಲ್ಲಿ ಬಿಟ್ಟವಳಲ್ಲ." ಮಾತು ಸುಳ್ಳಲ್ಲ. ಹೆರಿಗೆ ನೋವು ಬಂದ ಹೆಂಗಸರನ್ನು ಜೀಪಿನಲ್ಲಿ, ರಿಕ್ಷಾದಲ್ಲಿ, ಒಮ್ಮೆಯಂತೂ ಅಡಿಕೆ ಹೇರಿದ್ದ ಪಿಕಪ್ಪಿನ ಗೋಣಿಗಳ ಮೇಲೆ ಮಲಗಿಸಿಕೊಂಡು ಆಸ್ಪತ್ರೆಯ ಬಾಗಿಲು ಮುಟ್ಟಿಸಿದವಳು ಆಕೆ. ಅಂಥವಳ ಆ ಹೆಮ್ಮೆ ಕಳೆದ ಅಕ್ಟೋಬರಿನ ಒಂದು ಭಾನುವಾರ ಒಂದೂಕಾಲು ಗಂಟೆ ಹೊತ್ತು ನಡುನೀರಿನಲ್ಲಿ ಇತ್ತು. ಮುಳುಗುತ್ತದೋ ತೇಲುತ್ತದೋ ಎಂದು ಅವಳಿಗೇ ಗೊತ್ತಿರಲಿಲ್ಲ.

ಸೇವಂತಿ ಹುಟ್ಟಿದ್ದು ಐವರ್ನಾಡಿನಲ್ಲಿ, ಅರೆಭಾಷೆ ಮಾತಾಡುವ ಗೌಡರ ಮನೆಯಲ್ಲಿ. ಅಪ್ಪ ದುಗ್ಗಪ್ಪನವರಿಗೆ ಒಂದು ಸೈಕಲಿತ್ತು. ಗಂಡುಮಕ್ಕಳು ಅದನ್ನು ಬೀಳಿಸಿ ಎಬ್ಬಿಸಿ ಕಲಿತರು. ಸೇವಂತಿ ಕೇಳಿದಾಗ, "ಹೆಣ್ಣು ಸೈಕಲು ಹತ್ತಿದರೆ ಊರು ನೋಡ್ತದೆ" ಎಂದರು ಅಪ್ಪ. "ನೋಡ್ಲಿ, ನಾನೂ ಊರು ನೋಡ್ತೇನೆ" ಎಂದಿದ್ದಕ್ಕೆ ಬೆನ್ನಿಗೊಂದು ಬಿತ್ತು. ಅಲ್ಲಿಗೆ ಆ ವಿಷಯ ಮುಗಿಯಿತು. ಮುಂದೆ ಬೋಜಪ್ಪನನ್ನು ಮದುವೆಯಾಗಿ ಇಚಿಲಂಪಾಡಿಗೆ ಬಂದಳು. ರಬ್ಬರು ಮರ ಗೀರಿ ಹಾಲು ಇಳಿಸುವ ಗಂಡ, ಒಂದು ಮಗಳು, ಆಮೇಲೆ ಆಶಾ ಕೆಲಸ. ಗುಡ್ಡೆ ಹತ್ತಿ ಇಳಿದು, ತೋಡಿನ ನೀರು ದಾಟಿ, ಮನೆಯಿಂದ ಮನೆಗೆ ನಡೆದೂ ನಡೆದೂ ನಲುವತ್ತೇಳಕ್ಕೇ ಎರಡೂ ಮೊಣಕಾಲು ಮುಷ್ಕರ ಹೂಡಿದವು.

ಮಗಳು ಭವಿತಾ ಬ್ಯಾಟರಿ ಹಾಕಿದ ಸೈಕಲೊಂದನ್ನು ತರಿಸಿ ಕೊಟ್ಟಳು. ಪೆಡಲು ತುಳಿದರೆ ಮೋಟಾರು ತಾನೂ ಒಂದು ಕೈ ಹಾಕುವಂಥದ್ದು. ಬೋಜಪ್ಪ ಹಿಂದಿನಿಂದ ಸೀಟು ಹಿಡಿದುಕೊಂಡು ಅಂಗಳದಲ್ಲಿ ಕಲಿಸಿದ. ಮೋಟಾರು ಒಮ್ಮೆಲೇ ಎಳೆದದ್ದಕ್ಕೆ ಸೈಕಲು, ಸೇವಂತಿ, ಸೀಟು ಬಿಡದ ಬೋಜಪ್ಪ ಮೂವರೂ ಒಣಗಲು ಹಾಕಿದ್ದ ಅಡಿಕೆಯ ರಾಶಿಗೆ ಹೋಗಿ ಬಿದ್ದರು. "ಇದು ಸೈಕಲಾ, ಕಂಬಳದ ಕೋಣವಾ?" ಎಂದು ಬೋಜಪ್ಪ ಸೊಂಟ ತಿಕ್ಕಿಕೊಂಡ. ಸೇವಂತಿ ನಗುತ್ತಾ ಎದ್ದು ಪುನಃ ಹತ್ತಿದಳು. ಎಂಟನೇ ದಿನ ಪೇಟೆಗೆ ಹೋಗಿ ಮೀನು ತಂದಳು. ಊರು ನೋಡಿತು. ಅವಳೂ ಊರು ನೋಡಿದಳು.

ಆಶಾ ಕೆಲಸ ಬಿಟ್ಟ ವರ್ಷವೇ ಈ ಸವಾರಿಯ ಕೆಲಸ ಶುರುವಾದದ್ದು, ಅದೂ ತಾನಾಗಿಯೇ. ಮಂಗಳೂರಿನ ಕಡೆಯವರಿಬ್ಬರು ಹೊಳೆಯ ಸೇತುವೆ ಮೇಲೆ ನಿಂತು, ಇಲ್ಲಿ ನೋಡುವಂಥದ್ದು ಏನುಂಟು ಎಂದು ಕೇಳಿದರು. "ಎಂತ ಉಂಟು ಅಂತ ಬಾಯಲ್ಲಿ ಹೇಳಿದ್ರೆ ಆಗ್ತದಾ? ಬನ್ನಿ" ಎಂದು ಸೇವಂತಿ ಸೈಕಲಿನಲ್ಲಿ ಮುಂದೆ ಹೊರಟಳು, ಅವರು ಕಾರಿನಲ್ಲಿ ಹಿಂದೆ. ಕಾರು ಹೋಗದ ಕಡೆ ಇಳಿದು ಬೆವರಿಳಿಸಿಕೊಂಡು ನಡೆದರು. ನಿಮ್ಮಂಥದ್ದೇ ಸೈಕಲು ನಮಗೂ ಇದ್ದರೆ ಎಂದು ಹೋಗುವಾಗ ಅವರೇ ಹೇಳಿದ್ದು. ಭವಿತಾ ಆ ಮಾತು ಬಿಡಲಿಲ್ಲ. ಇನ್ನೆರಡು ಸೈಕಲು ಬಂದವು, ಫೋನಿನಲ್ಲಿ ಫೋಟೋ ಹೋಯಿತು, ಶನಿವಾರ ಭಾನುವಾರ ಜನ ಬರತೊಡಗಿದರು. ಪೇಟೆಯವರು ಅದಕ್ಕೆ ಇ-ಬೈಕ್ ರೈಡ್ ಎನ್ನುತ್ತಾರೆ. ಊರಿನಲ್ಲಿ ಕರೆಂಟು ಸೈಕಲು ಎಂದರೇ ಎಲ್ಲರಿಗೂ ತಿಳಿಯುವುದು.

ದಾರಿಯೆಂದರೆ ಹೋಗಿ ಬಂದು ಇಪ್ಪತ್ತೆಂಟು ಕಿಲೋಮೀಟರು. ಹೊಳೆಯ ಬದಿಯಲ್ಲೇ ಸಾಗಿ, ರಬ್ಬರು ತೋಟಗಳ ನಡುವೆ ಏರಿ, ದೊಡ್ಡ ಪಾದೆಯ ನೆತ್ತಿಗೆ. ಆ ಬಂಡೆಯ ಮೇಲೆ ನಿಂತರೆ ಘಟ್ಟ ಪೂರ್ತಿ ಎದುರಿಗೆ. ಗುಂಡ್ಯದಿಂದ ಶಿರಾಡಿ ಹತ್ತುವ ಲಾರಿಗಳ ಗುರುಗುಟ್ಟುವಿಕೆ ಗಾಳಿ ಬೀಸಿದಾಗ ಕೇಳುತ್ತದೆ, ಲಾರಿ ಮಾತ್ರ ಕಾಣುವುದಿಲ್ಲ. ಸೇವಂತಿ ಹೆದ್ದಾರಿಗೆ ಯಾರನ್ನೂ ಕರೆದುಕೊಂಡು ಹೋಗುವವಳಲ್ಲ. ಹೊರಡುವ ಮೊದಲು ಹಳೆಯ ಕೆಲಸದ ಅಭ್ಯಾಸದಿಂದ, ಬೀಪಿ ಉಂಟಾ, ಶುಗರ್ ಉಂಟಾ, ಎದೆಯದ್ದು ಎಂತಾದರೂ ಉಂಟಾ ಎಂದು ಕೇಳುವಳು. ದಾರಿಯುದ್ದಕ್ಕೂ ತಾನು ಎಲ್ಲರಿಗಿಂತ ಹಿಂದೆ. ಅದು ಅವಳ ಕಾನೂನು.

ಆ ಶನಿವಾರ ಸಂಜೆ, ಮರುದಿನ ಪುತ್ತೂರಿನಿಂದ ಬರಲಿದ್ದ ಗಂಡಹೆಂಡತಿಗೆಂದು, ಎರಡು ಸೈಕಲು ಜಗಲಿಯಲ್ಲಿ ಚಾರ್ಜಿಗೆ ಕೂತಿದ್ದವು. ಎತ್ತರದ ಮೂರನೆಯದು ಮಧ್ಯಾಹ್ನವೇ ತುಂಬಿತ್ತು. ಐದೂವರೆಗೆ ಘಟ್ಟದ ಕಡೆ ಗುಡುಗು ಕೇಳಿತು. ನಮ್ಮ ಕಡೆಯವರಿಗೆ ಗುಡುಗು ಕೇಳಿದರೆ ತಲೆ ಓಡುವುದಿಲ್ಲ, ಕೈ ಓಡುತ್ತದೆ. ಸಿಡಿಲು ತಂತಿ ಹಿಡಿದು ಮನೆಯೊಳಗೆ ಬಂದು ಟೀವಿ, ಪಂಪು ಎಲ್ಲ ಸುಟ್ಟ ಕತೆ ಪ್ರತಿ ಮನೆಯಲ್ಲಿ ಒಂದೊಂದು ಉಂಟು. ಸೇವಂತಿ ಹಿಟ್ಟು ರುಬ್ಬುವುದನ್ನು ಬಿಟ್ಟು ಮನೆಯಿಡೀ ಒಂದು ಸುತ್ತು ಬಂದಳು. ಟೀವಿಯದ್ದು ಕಿತ್ತಳು, ಫ್ರಿಡ್ಜಿನದ್ದು ಕಿತ್ತಳು, ಮಿಕ್ಸಿ, ಫೋನಿನ ಚಾರ್ಜರು, ಜಗಲಿಯಲ್ಲಿದ್ದ ಎರಡು ಪ್ಲಗ್ಗು. ಗುಡುಗು ಒಂದು ಗಂಟೆ ಆರ್ಭಟಿಸಿ ಸುಬ್ರಹ್ಮಣ್ಯದ ಕಡೆ ಹೋಯಿತು. ಮಲಗುವ ಮೊದಲು ಹಾಲು ಹಾಳಾಗುತ್ತದೆಂದು ಫ್ರಿಡ್ಜಿನ ಪ್ಲಗ್ಗು ನೆನಪಾಗಿ ಹಾಕಿದಳು. ಜಗಲಿಯದ್ದು ನೆನಪಾಗಲಿಲ್ಲ.

ಬೆಳಿಗ್ಗೆ ನೋಡಿದರೆ, ಬ್ಯಾಟರಿಯ ಐದು ಗೆರೆ ಕಾಣಿಸಬೇಕಾದಲ್ಲಿ ಒಂದರಲ್ಲಿ ಎರಡು ಗೆರೆ, ಇನ್ನೊಂದರಲ್ಲಿ ಮೂರು. ಓಡಿಹೋಗಿ ಪ್ಲಗ್ಗು ಹಾಕಿದಳು. ಕರೆಂಟೇ ಇಲ್ಲ! ಎಲ್ಲೋ ತಂತಿಯ ಮೇಲೆ ಮರ ಬಿದ್ದಿದೆ. ಬೋಜಪ್ಪ ಬಕೆಟು ಹಿಡಿದುಕೊಂಡು ರಬ್ಬರಿನ ಹಾಲು ಎತ್ತಲು ಹೊರಟಿದ್ದ. "ಬರ್ಬೇಡಿ ಅಂತ ಫೋನ್ ಮಾಡು" ಎಂದ.

"ಪುತ್ತೂರಿಂದ ಹೊರಟಾಗಿದೆ ಅವರು. ಇನ್ನು ಹೇಗೆ ಬರ್ಬೇಡಿ ಅನ್ನುದು?"

"ಹಾಗಾದ್ರೆ ಬಂದಮೇಲೆ ಇದ್ದದ್ದನ್ನು ಹೇಳು."

ಹೇಳಬೇಕು ಎಂದೇ ಇದ್ದಳು. ಎಂಟು ಗಂಟೆಗೆ ಕಾರಿನಿಂದ ಇಳಿದವರನ್ನು ನೋಡಿದ ಮೇಲೆ ನಾಲಿಗೆ ಏಳಲಿಲ್ಲ. ಗಂಡ ಕೃಷ್ಣಮೋಹನ, ಎಪ್ಪತ್ತೆರಡರ ಎತ್ತರದ ಆಳು, ವಿಮೆ ಕಚೇರಿಯಿಂದ ನಿವೃತ್ತರಾಗಿ ತೆಂಗಿನ ತೋಟ ನೋಡಿಕೊಂಡಿದ್ದವರು. ಹೆಂಡತಿ ವಸುಮತಿ, ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದವರು, ಗಿಡ್ಡ, ತೆಳ್ಳಗೆ. ಅವರ ಕಾಲಿಗೆ ಹೊಚ್ಚ ಹೊಸ ಬಿಳಿ ಶೂ. "ಸೇವಂತಿ, ನಾನು ಸೈಕಲು ಬಿಟ್ಟು ನಲುವತ್ತು ವರ್ಷ ಆಯ್ತು. ನಿನ್ನೆ ನಿದ್ರೆಯೇ ಬರ್ಲಿಲ್ಲ" ಎಂದು ಅವರು ಚಿಕ್ಕ ಹುಡುಗಿಯ ಹಾಗೆ ಕೈ ತಿಕ್ಕಿದರು. ಇಂಥವರಿಗೆ ಇಲ್ಲ ಎನ್ನುವುದು ಹೇಗೆ? ಸೇವಂತಿ ತನ್ನ ಮೂರು ಪ್ರಶ್ನೆ ಕೇಳಿದಳು. ವಸುಮತಿ, "ಎಂತದ್ದೂ ಇಲ್ಲ" ಎಂದರು. ಕೃಷ್ಣಮೋಹನ ಮೋಡ ಉಂಟಾ ಎಂದು ಆಕಾಶ ನೋಡಿದರು.

ಸೇವಂತಿ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ತುಂಬಿದ್ದು ಎತ್ತರದ ಸೈಕಲು, ಅದಕ್ಕೆ ಟೀಚರಿನ ಕಾಲು ಎಟಕುವುದಿಲ್ಲ, ಅದು ಯಜಮಾನರಿಗೇ. ಮೂರು ಗೆರೆಯದ್ದು ಟೀಚರಿಗೆ, ಹಗುರ ಜೀವ, ಸಾಕಾದೀತು. ಎರಡು ಗೆರೆಯದ್ದು ತನಗೆ. ತಾನು ಮೋಟಾರು ಬಂದ್ ಮಾಡಿ ತುಳಿದರೆ ಮುಗಿಯಿತು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವವರ ಲೆಕ್ಕ ಯಾವಾಗಲೂ ಹೀಗೆಯೇ ಇರುತ್ತದೆ.

ಹೋಗುವಾಗ ಸುಖವಾಗಿಯೇ ಹೋಯಿತು. ಮಳೆ ತೊಳೆದ ದಾರಿ, ಹೊಳೆಯಲ್ಲಿ ತುಂಬು ನೀರು, ರಬ್ಬರು ಮರಗಳ ಚಿಪ್ಪಿನಲ್ಲಿ ಬಿಳಿ ಹಾಲು. ವಸುಮತಿ ಟೀಚರು ಮೊದಲ ಎರಡು ಕಿಲೋಮೀಟರು ಹ್ಯಾಂಡಲು ಬಿಗಿಹಿಡಿದಿದ್ದರು, ಆಮೇಲೆ ಹಾಡು ಶುರುಮಾಡಿದರು. ದೊಡ್ಡ ಪಾದೆಯ ಮೇಲೆ ನಿಂತು ಘಟ್ಟವನ್ನು ನೋಡಿ, ಕಣ್ಣು ಒರೆಸಿಕೊಂಡರು. ಹಿಂದೆ ನಿಂತಿದ್ದ ಸೇವಂತಿ ಕದ್ದು ಅವರ ಸೈಕಲಿನ ಗೆರೆ ನೋಡಿದಳು. ಒಂದೇ ಉಳಿದಿತ್ತು. ತನ್ನದರಲ್ಲಿ ಅದೂ ಮಿನುಗುತ್ತಿತ್ತು. ಹತ್ತುವಾಗ ಮೊಣಕಾಲು ಸಹಿಸದೆ ನಡುನಡುವೆ ಮೋಟಾರು ಹಾಕಿದ್ದಳಲ್ಲ!

ಹಿಂದೆ ಬರುವಾಗ ಒಂದು ಚಡಾವು ಉಂಟು. ಅದನ್ನು ಏರಿದರೆ ಮುಂದೆ ಬರೀ ಇಳಿಜಾರು. ಆ ಚಡಾವಿನ ಬುಡದಲ್ಲೇ ಸೇವಂತಿಯ ಸೈಕಲು ಸತ್ತಿತು. ಆಗಲಾದರೂ ಬಾಯಿ ಬಿಡಬಹುದಿತ್ತು. "ಚೈನು ಎಂತದೋ ಸದ್ದು ಮಾಡ್ತಾ ಉಂಟು, ನೋಡಿ ಬರ್ತೇನೆ. ನೀವು ಹೋಗ್ತಾ ಇರಿ. ಕವಲು ಸಿಕ್ಕುವಾಗ ಎಡಕ್ಕೆ, ಸಂಕದ ಹತ್ತಿರ ನಿಲ್ಲಿ" ಎಂದಳು. ಒಂದು ಸುಳ್ಳಿಗೆ ಇನ್ನೊಂದು ಊರುಗೋಲು. ಹೀಗೆ, ಎಲ್ಲರಿಗಿಂತ ಹಿಂದೆ ಇರುವ ಕಾನೂನನ್ನು ಪಾಲಿಸುತ್ತಲೇ ಅವರಿಬ್ಬರನ್ನು ಕಣ್ಣಿನಿಂದ ಆಚೆ ಬಿಟ್ಟಳು.

ಇಪ್ಪತ್ತೈದು ಕಿಲೋ ಕಬ್ಬಿಣವನ್ನು ದೂಡಿಕೊಂಡು ಏರಿ, ಆಚೆ ಇಳಿಜಾರಿನಲ್ಲಿ ಜಾರಿಕೊಂಡು, ತಾನು ಸಂಕ ಎಂದಿದ್ದ ಸೇತುವೆಗೆ ಬಂದಾಗ ಹನ್ನೊಂದು ಗಂಟೆ. ಕೃಷ್ಣಮೋಹನ ಕಟ್ಟೆಯ ಮೇಲೆ ಒಬ್ಬರೇ ಕೂತು ನೀರಿಗೆ ಕಲ್ಲೆಸೆಯುತ್ತಿದ್ದರು. ಸೇವಂತಿಯನ್ನು ಕಂಡು ನಕ್ಕರು. ಆಮೇಲೆ ಅವಳ ಹಿಂದೆ ನೋಡಿದರು. ನಗು ಅಲ್ಲಿಗೇ ನಿಂತಿತು.

"ವಸುಮತಿ ಎಲ್ಲಿ?"

"ನಿಮ್ಮ ಜತೆ ಇಲ್ವಾ ಸರ್?"

"ಅವಳ ಸೈಕಲು ನಿಧಾನ ಹೋಗ್ತಿತ್ತು. ನಿಮ್ಮೊಟ್ಟಿಗೆ ಬರ್ತಾಳೆ ಅಂತ ನಾನು..." ಅವರು ಎದ್ದು ನಿಂತರು. ಫೋನು ತೆಗೆದರು. ಆ ಸೇತುವೆಯ ಮೇಲೆ ನೆಟ್‌ವರ್ಕು ಯಾರಿಗೂ ಸಿಕ್ಕಿದ್ದಿಲ್ಲ. ಫೋನನ್ನು ಕೈಯಲ್ಲಿ ಹಿಡಿದುಕೊಂಡೇ ಅವರು ತಗ್ಗಿದ ದನಿಯಲ್ಲಿ ಹೇಳಿದರು. "ಅವಳಿಗೆ ಹಾರ್ಟಿಗೆ ಸ್ಟೆಂಟ್ ಹಾಕಿದ್ದು ಉಂಟು. ಏಳು ತಿಂಗಳಾಯ್ತು."

ಸೇವಂತಿಯ ಬೆಳಗಿನ ಲೆಕ್ಕ ಪೂರ್ತಿ ಬುಡಮೇಲಾಯಿತು. ಮೋಟಾರು ಸತ್ತ ಸೈಕಲು, ಮೇಲೆ ಬಿಸಿಲು, ಎದೆಯಲ್ಲಿ ಸ್ಟೆಂಟು, ಅರವತ್ತೆಂಟು ವರ್ಷ. ಅಯ್ಯೋ ದೇವರೇ, ನಾನು ಎಂತ ಮಾಡಿಬಿಟ್ಟೆ! ಬೈಯಬೇಕೆಂದರೆ ತನ್ನನ್ನು ಬಿಟ್ಟು ಬೇರೆ ಯಾರೂ ಇರಲಿಲ್ಲ. "ಸರ್, ನೀವು ಇಲ್ಲಿಂದ ಕದಲ್ಬೇಡಿ, ಅವರು ಈ ಕಡೆ ಬಂದ್ರೂ ಬರಬಹುದು. ನಿಮ್ಮ ಸೈಕಲು ಕೊಡಿ" ಎಂದವಳೇ ಎತ್ತರದ ಸೈಕಲು ಹತ್ತಿದಳು. ಪೆಡಲು ಕೆಳಗೆ ಹೋದಾಗ ಕಾಲು ಎಟಕದು, ಮೇಲೆ ಬಂದಾಗ ಒಂದು ಒದೆತ. ಹಾಗೇ ಒದೆಯುತ್ತಾ ಹೊರಟಳು.

ಮೊದಲ ಮನೆಯಲ್ಲಿ ನಾಯಿ ಬಿಟ್ಟರೆ ಯಾರೂ ಇರಲಿಲ್ಲ. ಎರಡನೆಯದರ ಹೆಂಗಸು, ಸೈಕಲಿನಲ್ಲಿ ಯಜಮಾನರೊಬ್ಬರು ಹೋದದ್ದು ಕಂಡೆ, ಜತೆಗೆ ಹೆಂಗಸರು ಯಾರೂ ಇರಲಿಲ್ಲ ಎಂದಳು. ಹಾಗಾದರೆ ಟೀಚರು ಇಲ್ಲಿವರೆಗೆ ಬಂದೇ ಇಲ್ಲ. ಸೇವಂತಿ ಕವಲಿನಲ್ಲಿ ಇಳಿದು ನೆಲ ನೋಡಿದಳು. ಎಡಕ್ಕೆ ಬರೀ ತನ್ನದೂ ಯಜಮಾನರದ್ದೂ ಚಕ್ರದ ಗುರುತು. ಬಲಕ್ಕೆ, ಒದ್ದೆ ಕೆಂಪು ಮಣ್ಣಿನಲ್ಲಿ ಒಂದೇ ಒಂದು ಸೈಕಲಿನ ಗುರುತು, ಬದಿಯಲ್ಲಿ ಶೂವಿನ ಅಚ್ಚು. ದೂಡಿಕೊಂಡು ಹೋಗಿದ್ದಾರೆ. ಬಲದ ದಾರಿ ಕಡಿದಾಗಿ ಏರಿ, ಆಚೆ ತೋಡಿಗೆ ಇಳಿಯುವಂಥದ್ದು.

ಸೇವಂತಿ ತನಗೆ ಗೊತ್ತಿದ್ದ ದೈವಗಳನ್ನೆಲ್ಲ ಕರೆದಳು. ಹೆರಿಗೆಗೆಂದು ಎಷ್ಟೋ ಸಲ ಇದೇ ದಾರಿಯಲ್ಲಿ ಓಡಿದ್ದಳು. ಆಗ ಹೆದರಿಕೆ ಇರಲಿಲ್ಲ, ಯಾಕೆಂದರೆ ಆಗ ತಪ್ಪು ಅವಳದ್ದಾಗಿರಲಿಲ್ಲ. ಏರು ಮುಗಿದು ತಿರುವು ದಾಟಿದಳು, ತೋಡಿನ ಬದಿಯಲ್ಲಿ ಚಿಕ್ಕ ಸೈಕಲು ಅಡ್ಡ ಬಿದ್ದಿತ್ತು. ಹತ್ತಿರ ಯಾರೂ ಇಲ್ಲ. ಒಂದು ಬಿಳಿ ಶೂ ಮಾತ್ರ ಹುಲ್ಲಿನ ಮೇಲೆ.

"ಟೀಚರ್!" ಎಂದು ಕೂಗಿದಳು. ತೋಡಿಗೆ ಇಳಿದಳು. ಮೊಣಕಾಲಿನವರೆಗೆ ನೀರು. ಕೆಳಗೆ ನೋಡಿದಳು, ಮೇಲೆ ನೋಡಿದಳು. ಇನ್ನೊಮ್ಮೆ ಕೂಗಿದಳು.

"ಯಾರದು ಬೊಬ್ಬೆ ಹಾಕುದು?" ಎಂದು ಆಚೆ ಬದಿಯ ಎತ್ತರದ ದರೆಯ ಮೇಲಿನಿಂದ ಉತ್ತರ ಬಂತು. ಆಸ್ಯಮ್ಮನ ದನಿ! ಆ ದರೆಯ ಮೇಲಿನ ಮನೆ ಅವರದ್ದು. ಅವರ ಸೊಸೆಯ ಎರಡು ಹೆರಿಗೆಗೂ ಸೇವಂತಿಯೇ ಜತೆಗಿದ್ದವಳು. "ಸೇವಂತಿಯಾ? ನೀರಲ್ಲಿ ಎಂತ ಮಾಡ್ತೀ? ಮೇಲೆ ಬಾ. ನಿನ್ನ ಟೀಚರು ಇಲ್ಲಿ ಪತ್ತಿರ್ ತಿಂತಿದ್ದಾರೆ."

ಮೆಟ್ಟಿಲು ಹೇಗೆ ಹತ್ತಿದಳೋ ದೇವರೇ ಬಲ್ಲ. ಜಗಲಿಯಲ್ಲಿ ವಸುಮತಿ ಟೀಚರು ಗೋಡೆಗೆ ಒರಗಿ, ಒಂದು ಕಾಲಿಗೆ ಶೂ ಹಾಕಿ, ಒಂದು ಕಾಲು ಬರಿದಾಗಿ ಕೂತಿದ್ದರು. ಎದುರಿಗೆ ತಟ್ಟೆಯಲ್ಲಿ ಅಕ್ಕಿ ರೊಟ್ಟಿಯಂಥ ತೆಳು ಪತ್ತಿರ್, ಬೆಲ್ಲ ಹಾಕಿದ ತೆಂಗಿನ ಹಾಲು. ಸೇವಂತಿ ಅವರನ್ನು ನೋಡಿದಳು. ಆಮೇಲೆ ಮೆಟ್ಟಿಲ ಮೇಲೇ ಕುಸಿದು ಕೂತು, ಸೆರಗಿನಲ್ಲಿ ಮುಖ ಮುಚ್ಚಿ ಗೊಳೋ ಎಂದು ಅತ್ತಳು. ಹೋದ ಜೀವ ಹಾಗೆ ಬರುವಾಗ ಸದ್ದಿಲ್ಲದೆ ಬರುವುದಿಲ್ಲ.

"ನೋಡಿ ಇವಳ ಅವಸ್ಥೆ! ನನ್ನ ಸೊಸೆ ಬೇನೆ ತಿನ್ನುವಾಗ ಒಂದು ಹನಿ ನೀರು ಹಾಕ್ಲಿಲ್ಲ, ಈಗ ಹೊಳೆ ಹರಿಸ್ತಾಳೆ" ಎಂದು ಆಸ್ಯಮ್ಮ ಬೈಯುತ್ತಲೇ ನೀರು ತಂದು ಕೊಟ್ಟರು. ನಡೆದದ್ದು ಇಷ್ಟು. ಕವಲಿಗೆ ಬರುವ ಮೊದಲೇ ಟೀಚರಿನ ಸೈಕಲು ನಿಂತಿತ್ತು. ದೂಡುತ್ತಾ ಬಂದು, ಸೇವಂತಿ ಹೇಳಿದ್ದು ಎಡವೋ ಬಲವೋ ಎಂದು ನೆನಪು ತಪ್ಪಿ ಬಲಕ್ಕೆ ಹೋದರು. ತೋಡಿನ ಹತ್ತಿರ ಎದೆ ಹಿಡಿದಂತಾಗಿ ಕೂತರು, ಒಂದು ಶೂ ಬಿಚ್ಚಿ ಆ ಕಾಲು ನೀರಿಗಿಟ್ಟರು. ಸೊಪ್ಪು ಕೊಯ್ಯಲು ಬಂದ ಆಸ್ಯಮ್ಮ ನೋಡಿ, ಮನೆ ಎದುರು ಬಂದವರು ಬಾಯಾರಿದ್ದಕ್ಕೆ ಒಂದು ಆಸರಿಗೆ ಕುಡಿಯದೆ ಹೋಗುವುದುಂಟೇ ಎಂದು ಕೈ ಹಿಡಿದು ಎಳೆದುಕೊಂಡೇ ಬಂದಿದ್ದರು. ಶೂ ಎತ್ತಿಕೊಳ್ಳಲೂ ಬಿಟ್ಟಿರಲಿಲ್ಲ.

"ಮೀನು ತಿನ್ನದವರಿಗೆ ಪಾತ್ರೆ ಬೇರೆಯೇ ಟೀಚರೇ, ಮೀನು ಮುಟ್ಟಿದ್ದಲ್ಲ" ಎಂದು ಆಸ್ಯಮ್ಮ ಇನ್ನೊಂದು ಪತ್ತಿರ್ ಹಾಕಿದರು. "ನೀವು ಹೀಗೆ ಹಾಕ್ತಾ ಇದ್ರೆ ನಾನು ತಿಂದ ಲೆಕ್ಕ ತಪ್ಪುದು" ಎಂದು ಟೀಚರು ತಿಂದರು.

ಆಸ್ಯಮ್ಮನ ಮಗ ಯೂಸುಫ್ ತನ್ನ ಗೂಡ್ಸ್ ರಿಕ್ಷಾ ತೆಗೆದುಕೊಂಡು ಸೇತುವೆಗೆ ಹೋದ. ಹತ್ತೇ ನಿಮಿಷದಲ್ಲಿ ಕೃಷ್ಣಮೋಹನರನ್ನೂ ಸತ್ತ ಸೈಕಲನ್ನೂ ಹೇರಿಕೊಂಡು ಬಂದ. ಅವರು ಇಳಿದು ಬಂದವರು ಹೆಂಡತಿಯ ಎದುರು ನಿಂತರು. ಜಗಲಿಯ ತುದಿಯಲ್ಲಿ ಮೆಲ್ಲಗೆ ಕೂತರು.

ಇನ್ನು ನುಂಗಿಕೊಂಡರೆ ಜೀರ್ಣವಾಗದು ಎಂದು ಸೇವಂತಿಗೆ ಗೊತ್ತಾಯಿತು. ಎದ್ದು ನಿಂತು ಹೇಳಿದಳು. "ಸರ್, ಟೀಚರ್, ಸೈಕಲಿಗೆ ಚಾರ್ಜ್ ಇರ್ಲಿಲ್ಲ. ನಿನ್ನೆ ಗುಡುಗಿಗೆ ಪ್ಲಗ್ಗು ತೆಗೆದವಳು ಪುನಃ ಹಾಕ್ಲಿಲ್ಲ. ಬೆಳಿಗ್ಗೆಯೇ ಗೊತ್ತಿತ್ತು ನನಗೆ. ಚೈನಿನದ್ದೂ ಸುಳ್ಳು. ನೀವು ಎಂತ ಬೈದ್ರೂ ನಾನು ಕೇಳ್ತೇನೆ."

ವಸುಮತಿ ಟೀಚರು ಕೈ ತೊಳೆದು ಒರೆಸಿಕೊಂಡರು. "ಬೈಯ್ಲಿಕ್ಕೆ ನನಗೆ ಬಾಯಿ ಉಂಟಾ ಸೇವಂತಿ? ನೀವು ಅಷ್ಟು ನೆಟ್ಟಗೆ ಕೇಳಿದ್ರಿ, ಎಂತದ್ದೂ ಇಲ್ಲ ಅಂದೆ. ಇದ್ದದ್ದು ಹೇಳಿದ್ರೆ ನೀವು ನನ್ನನ್ನು ಹತ್ತಿಸ್ತಿರ್ಲಿಲ್ಲ."

"ಖಂಡಿತ ಹತ್ತಿಸ್ತಿರ್ಲಿಲ್ಲ" ಎಂದಳು ಸೇವಂತಿ, ಮೂಗು ಒರೆಸಿಕೊಂಡು.

"ಅದಕ್ಕೇ ಹೇಳ್ಲಿಲ್ಲ. ಏಳು ತಿಂಗಳಿಂದ ಎಲ್ಲರೂ ನನ್ನನ್ನು ಗಾಜಿನ ಲೋಟದ ಹಾಗೆ ಎತ್ತಿ ಇಡ್ತಾರೆ. ಮೆಟ್ಟಿಲು ಹತ್ಬೇಡ, ಕೊಡಪಾನ ಎತ್ಬೇಡ. ಒಮ್ಮೆ ನೋಡ್ಬೇಕು ಅಂತ ಆಯ್ತು, ಅಷ್ಟೇ."

"ನಾನು ಬೇಡ ಅಂದಿದ್ದೆ" ಎಂದರು ಕೃಷ್ಣಮೋಹನ ನೆಲ ನೋಡುತ್ತಾ. "ಎರಡು ದಿನ ಊಟ ಬಿಟ್ಟಳು. ಮತ್ತೆ ನಾನೇ ಕಾರು ತೆಗೆದೆ. ನೀವು ಕೇಳುವಾಗ ಮೋಡ ನೋಡಿದೆ. ಆಕಾಶದಲ್ಲಿ ಒಂದು ಚೂರು ಮೋಡ ಇರ್ಲಿಲ್ಲ."

ಸೇವಂತಿ ಟೀಚರಿನ ಹತ್ತಿರ ಚಾಪೆಯ ಮೇಲೆ ಕೂತು ಅವರ ಮಣಿಕಟ್ಟು ಹಿಡಿದಳು. ಇನ್ನೊಂದು ಕೈಯ ಗಡಿಯಾರ ನೋಡುತ್ತಾ ಒಂದು ನಿಮಿಷ ಎಣಿಸಿದಳು. ಬೆರಳಿನ ಕೆಳಗೆ ಬಡಿತ ಒಂದೇ ಸಮನೆ ಬರುತ್ತಿತ್ತು.

"ಎಪ್ಪತ್ತಾರು" ಎಂದಳು. "ಚೆನ್ನಾಗಿ ಉಂಟು. ಆದ್ರೂ ಸರ್, ಇಲ್ಲಿಂದ ಸೀದಾ ಡಾಕ್ಟ್ರ ಹತ್ತಿರ ಹೋಗಿಯೇ ಮನೆಗೆ ಹೋಗುದು. ಎದೆ ಹಿಡಿದದ್ದು ಸುಮ್ಮನೆ ಬಿಡುವ ವಿಷಯ ಅಲ್ಲ. ನಾನೂ ಬರ್ತೇನೆ."

"ಆಯ್ತು" ಎಂದರು ಟೀಚರು, ಈ ಸಲ ವಾದ ಮಾಡದೆ.

ಕೃಷ್ಣಮೋಹನ ಹತ್ತಿರ ಸರಿದು, ತಮ್ಮ ಅಂಗಿಯ ತೋಳು ಮಡಚಿ ಕೈ ಮುಂದೆ ಚಾಚಿದರು. "ನನ್ನದೂ ಒಮ್ಮೆ ನೋಡಿ" ಎಂದರು. ತಮಾಷೆಗೆ ಹೇಳಿದಂತಿತ್ತು. ಸೇವಂತಿ ಹಿಡಿದು ಎಣಿಸಿದಳು. ನಡುವಿನಲ್ಲಿ ಒಮ್ಮೆ ಅವರ ಮುಖ ನೋಡಿದಳು.

"ನೂರ ಹದಿನೆಂಟು."

ನಗಲು ಹೊರಟಿದ್ದ ವಸುಮತಿ ಟೀಚರು ನಗಲಿಲ್ಲ. ಗಂಡನ ಇನ್ನೊಂದು ಕೈಯನ್ನು ಎಳೆದು ತಮ್ಮ ಮಡಿಲಿನಲ್ಲಿ ಇಟ್ಟುಕೊಂಡರು. "ಇಲ್ಲೇ ಇದ್ದೇನಲ್ಲ ನಾನು" ಎಂದರು. ಆಸ್ಯಮ್ಮ ಕೃಷ್ಣಮೋಹನರ ಮುಂದೆಯೂ ಒಂದು ತಟ್ಟೆ ತಂದಿಟ್ಟರು. ಸೇವಂತಿ ಅವರ ಮಣಿಕಟ್ಟು ಬಿಡದೆ ಹಾಗೇ ಕೂತಿದ್ದಳು. ಎರಡನೇ ಸಲ ಎಣಿಸುವಾಗ ಅದು ತೊಂಬತ್ತೆರಡಕ್ಕೆ ಇಳಿದಿತ್ತು.